ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾವಿಶೇಷಣಕ್ಕೆ ಜಾಗ ಎಲ್ಲಿ?

ಪ್ರಶ್ನೆ: ‘ಶಿ ಸ್ಪೀಕ್ಸ್ ಫ್ಲೂಯೆಂಟ್ಲಿ ಇಂಗ್ಲಿಷ್’ ಎಂದು ಬರೆದದ್ದಕ್ಕೆ ತಪ್ಪು ಹಾಕಿದ್ದಾರೆ. ಕ್ರಿಯಾವಿಶೇಷಣ ಕ್ರಿಯಾಪದದ ಪಕ್ಕದಲ್ಲೇ ಇದೆಯಲ್ಲ?

ಉತ್ತರ: ಪಕ್ಕದಲ್ಲಿ ಇರುವುದೇ ತೊಂದರೆ. ಕ್ರಿಯಾಪದಕ್ಕೂ ಕರ್ಮಪದಕ್ಕೂ ನಡುವೆ ಇಂಗ್ಲಿಷ್ ಇಂಥ ಕ್ರಿಯಾವಿಶೇಷಣವನ್ನು ತೂರಿಸಗೊಡುವುದಿಲ್ಲ. ‘ಸ್ಪೀಕ್ಸ್ ಇಂಗ್ಲಿಷ್’ ಮುಗಿದ ಮೇಲೆ ‘ಫ್ಲೂಯೆಂಟ್ಲಿ’ ಬರಲಿ. ‘ಐ ಲೈಕ್ ವೆರಿ ಮಚ್ ಮ್ಯೂಸಿಕ್’ ಕೂಡ ಇದೇ ತಪ್ಪು. ಕನ್ನಡದಲ್ಲಿ ‘ಇಂಗ್ಲಿಷನ್ನು ಸರಾಗವಾಗಿ’ ಎಂದರೂ ‘ಸರಾಗವಾಗಿ ಇಂಗ್ಲಿಷನ್ನು’ ಎಂದರೂ ನಡೆಯುತ್ತದೆ. ಕರ್ಮ ಯಾವುದೆಂದು ‘ಅನ್ನು’ ಪ್ರತ್ಯಯ ಹೇಳಿಬಿಡುತ್ತದೆ. ಇಂಗ್ಲಿಷ್ ನಾಮಪದಕ್ಕೆ ಅಂಥ ಪ್ರತ್ಯಯ ಇಲ್ಲ, ಕೂತ ಜಾಗವೇ ಗುರುತು.

ಕರ್ಮಭಾಗ ತೀರಾ ಉದ್ದವಿದ್ದರೆ ಮಾತ್ರ ಸಡಿಲಿಕೆ ಉಂಟು: ‘ಶಿ ರೆಡ್ ಕೇರ್‌ಫುಲಿ ಎವ್ರಿ ಲೆಟರ್ ದಟ್ ಹ್ಯಾಡ್ ಕಮ್ ದಟ್ ವೀಕ್’. ಇಲ್ಲಿ ‘ಕೇರ್‌ಫುಲಿ’ಯನ್ನು ಕೊನೆಗೆ ತಳ್ಳಿದರೆ ಜೋಪಾನವಾಗಿ ಓದಿದ್ದೋ, ಪತ್ರಗಳು ಜೋಪಾನವಾಗಿ ಬಂದದ್ದೋ ಎಂದು ಓದುವವರು ಎಡವುತ್ತಾರೆ.

ಪ್ರಶ್ನೆ: ‘ಹಿ ಈಸ್ ಆಲ್ವೇಸ್ ಲೇಟ್’ ಸರಿ, ‘ಹಿ ಆಲ್ವೇಸ್ ಕಮ್ಸ್ ಲೇಟ್’ ಕೂಡ ಸರಿ. ಕ್ರಿಯಾಪದದ ನಂತರವೋ, ಮೊದಲೋ?

ಉತ್ತರ: ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ನೋಡಿ. ‘ನಾಟ್’ ಎಲ್ಲಿ ಕೂರುತ್ತದೋ ಅಲ್ಲೇ ‘ಆಲ್ವೇಸ್’, ‘ನೆವರ್’, ‘ಆಫನ್’, ‘ಯೂಷುವಲಿ’ಗಳ ಜಾಗ. ‘ಹಿ ಈಸ್ ನಾಟ್ ಲೇಟ್’, ಆದ್ದರಿಂದ ‘ಹಿ ಈಸ್ ಆಲ್ವೇಸ್ ಲೇಟ್’. ‘ದೇ ಹ್ಯಾವ್ ನಾಟ್ ಸೀನ್ ಇಟ್’, ಆದ್ದರಿಂದ ‘ದೇ ಹ್ಯಾವ್ ನೆವರ್ ಸೀನ್ ಇಟ್’. ‘ಹಿ ಡಸ್ ನಾಟ್ ಕಮ್ ಲೇಟ್’ನಲ್ಲಿ ‘ಡಸ್’ ಬಂದಿರುವುದು ‘ನಾಟ್’ಗೋಸ್ಕರ, ಎರಡನ್ನೂ ತೆಗೆದು ಆ ಜಾಗಕ್ಕೆ ‘ಆಲ್ವೇಸ್’ ಹಾಕಿ, ‘ಕಮ್’ ಅನ್ನು ‘ಕಮ್ಸ್’ ಮಾಡಿ. ಸಹಾಯಕ ಕ್ರಿಯಾಪದಗಳು ಮೂರಿದ್ದರೂ ಲೆಕ್ಕಕ್ಕೆ ಬರುವುದು ಮೊದಲನೆಯದು.

ಈ ಪರೀಕ್ಷೆ ಕೈಕೊಡುವುದು ತುಂಡು ಉತ್ತರದಲ್ಲಿ. ‘ಈಸ್ ಹಿ ಲೇಟ್?’ ಎಂದು ಕೇಳಿದರೆ ‘ಯೆಸ್, ಹಿ ಆಲ್ವೇಸ್ ಈಸ್’ ಎನ್ನಬೇಕು.

‘ಡೈಲಿ’ ಈ ಗುಂಪಿಗೆ ಸೇರಿದ್ದಲ್ಲ. ‘ದಿನಾ ಅಲ್ಲಿಗೆ ಹೋಗುತ್ತೇನೆ’ಯನ್ನು ಪದಕ್ಕೆ ಪದ ಇಟ್ಟು ‘ಐ ಡೈಲಿ ಗೋ ದೇರ್’ ಎಂದು ಬರೆಯುವವರು ಬಹಳ. ‘ಐ ಗೋ ದೇರ್ ಡೈಲಿ’ ಎನ್ನಿ: ಸ್ಥಳ ಮೊದಲು, ಕಾಲ ಆಮೇಲೆ.

ಪ್ರಶ್ನೆ: ‘ಓನ್ಲಿ’ಯನ್ನು ಎಲ್ಲಿಟ್ಟರೂ ಅರ್ಥ ಒಂದೇ ಅಲ್ಲವೆ?

ಉತ್ತರ: ಅಲ್ಲ. ‘ಓನ್ಲಿ ಐ ಟೋಲ್ಡ್ ಹಿಮ್’ ಎಂದರೆ ಹೇಳಿದ್ದು ನಾನೊಬ್ಬನೇ. ‘ಐ ಟೋಲ್ಡ್ ಓನ್ಲಿ ಹಿಮ್’ ಎಂದರೆ ಅವನೊಬ್ಬನಿಗೇ ಹೇಳಿದೆ. ‘ಐ ಓನ್ಲಿ ಟೋಲ್ಡ್ ಹಿಮ್’ ಎಂದರೆ ಹೇಳಿದೆ ಅಷ್ಟೇ, ಇನ್ನೇನೂ ಮಾಡಲಿಲ್ಲ. ನಮ್ಮ ‘ಮಾತ್ರ’, ‘ಏ’ ಪದದ ಬಾಲಕ್ಕೆ ಅಂಟುತ್ತವೆ. ‘ಓನ್ಲಿ’ ಸಾಮಾನ್ಯವಾಗಿ ಪದದ ತಲೆಗೆ. ಆಡುಮಾತಿನಲ್ಲಿ ಇಂಗ್ಲಿಷರೂ ಅದನ್ನು ಕ್ರಿಯಾಪದದ ಮೊದಲೇ ಇಟ್ಟು, ಒತ್ತು ಕೊಟ್ಟು ಅರ್ಥ ತೋರಿಸುತ್ತಾರೆ. ಬರಹದಲ್ಲಿ ಒತ್ತು ಕೇಳಿಸುವುದಿಲ್ಲವಾದ್ದರಿಂದ ಸಂಬಂಧಪಟ್ಟ ಪದಕ್ಕೇ ತಾಗಿಸಿ ಇಡುವುದು ಕ್ಷೇಮ.

ಪ್ರಶ್ನೆ: ‘ಎನಫ್ ಫಾಸ್ಟ್’ ಅಥವಾ ‘ಫಾಸ್ಟ್ ಎನಫ್’?

ಉತ್ತರ: ‘ಫಾಸ್ಟ್ ಎನಫ್’. ‘ವೆರಿ’, ‘ಟೂ’ ಪದಕ್ಕೆ ಮೊದಲು ಬಂದರೆ ‘ಎನಫ್’ ನಂತರ ಬರುತ್ತದೆ. ನಾಮಪದವಾದರೆ ಮಾತ್ರ ಮೊದಲು: ‘ಎನಫ್ ಟೈಮ್’.