ಕರೆಂಟು, ನೀರು, ಕೊಳಚೆ: ಕ್ಯಾರವಾನ್ ಬಿಡಾರದ ಪ್ರಶ್ನೋತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಕೆಲವು ಫ್ಲೋರಿಡಾದ ಡಿಸ್ನಿ ಕ್ಯಾಂಪ್‌ಗ್ರೌಂಡಿನ ಬಗ್ಗೆ, ಉಳಿದವು ನಮ್ಮ ಕಾಫಿ ತೋಟಗಳ ಬಗ್ಗೆ. ಕ್ಯಾರವಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ಎಲ್ಲೇ ನಿಲ್ಲಲಿ, ಕೈಕೊಡುವುದು ಕರೆಂಟು, ನೀರು, ಕೊಳಚೆಯ ಜೋಡಣೆಯಲ್ಲೇ. ಹಾಗಾಗಿ ಎಲ್ಲಕ್ಕೂ ಒಟ್ಟಿಗೆ ಉತ್ತರಿಸಿದ್ದೇವೆ.

ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಡಿಸೆಂಬರಿನಲ್ಲಿ ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡು ಡಿಸ್ನಿ ವರ್ಲ್ಡ್‌ನ ಫೋರ್ಟ್ ವೈಲ್ಡರ್ನೆಸ್‌ನಲ್ಲಿ ನಾಲ್ಕು ದಿನ ಉಳಿಯುವ ಯೋಚನೆ. ಗಾಡಿ ನಿಲ್ಲಿಸುವ ಸೈಟುಗಳಲ್ಲಿ ನಾಲ್ಕೈದು ದರ್ಜೆ ಇವೆಯಂತೆ. ಯಾವುದನ್ನು ಹಿಡಿಯಬೇಕು?
ಓದುಗರು, ಹಾಸನ

ಗಾಡಿ 30 ಅಡಿಯೊಳಗಿದ್ದರೆ 'ಫುಲ್ ಹುಕ್‌ಅಪ್' ದರ್ಜೆಯೇ ಸಾಕು. ನೀರು, ಕರೆಂಟು, ಕೊಳಚೆ ಪೈಪು ಮೂರೂ ಅದರಲ್ಲಿ ಸಿಗುತ್ತವೆ. ಅದಕ್ಕಿಂತ ಕಡಿಮೆ ದರದ ಟೆಂಟ್ ಸೈಟಿನಲ್ಲಿ ನೀರು, ಕರೆಂಟು ಉಂಟು, ಕೊಳಚೆ ಜೋಡಣೆ ಇಲ್ಲ. ಶೌಚಾಲಯವಿರುವ ಗಾಡಿಗೆ ಅದು ಬೇಡ. 'ಪ್ರಿಫರ್ಡ್' ಅಂದರೆ ಜಾಗ ಅನುಕೂಲದ್ದು, ದೋಣಿಕಟ್ಟೆಗೆ ಹತ್ತಿರ. 'ಪ್ರೀಮಿಯಮ್' ಅಂದರೆ ಕಾಂಕ್ರೀಟ್ ನೆಲ ದೊಡ್ಡದು, ಬಸ್ಸಿನಷ್ಟು ಉದ್ದದ ಗಾಡಿಗಳಿಗೆ. ಬುಕ್ ಮಾಡುವಾಗ ಹಿಂದಿನ ಏಣಿ, ಸೈಕಲ್ ಸ್ಟ್ಯಾಂಡ್ ಎಲ್ಲ ಸೇರಿಸಿ ಉದ್ದ ಹೇಳಿ. ಒಂದು ಸೈಟಿನಲ್ಲಿ ಹತ್ತು ಜನರವರೆಗೆ ಇರಬಹುದು.

ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್ ತೆರೆದ ಮರುತಿಂಗಳು, 1971ರ ನವೆಂಬರಿನಲ್ಲಿ, ಈ ಕ್ಯಾಂಪ್‌ಗ್ರೌಂಡ್ ಶುರುವಾಯಿತು. ಸುಮಾರು 750 ಎಕರೆಯ ಕಾಡಿನಲ್ಲಿ ಸೈಟುಗಳು ಚದುರಿಕೊಂಡಿವೆ. ಇಲ್ಲಿ ಹೊಸಬರು ಎಡವುವುದು ಓಡಾಟದ ವಿಷಯದಲ್ಲಿ. ಒಮ್ಮೆ ಜೋಡಿಸಿದ ಮೋಟರ್‌ಹೋಮನ್ನು ದಿನಾ ಬಿಚ್ಚಿ ಪಾರ್ಕಿಗೆ ಓಡಿಸುವುದು ಆಗದ ಮಾತು. ಕ್ಯಾಂಪಿನೊಳಗೆ ಅವರದೇ ಬಸ್ಸುಗಳಿವೆ, ಮ್ಯಾಜಿಕ್ ಕಿಂಗ್‌ಡಮ್‌ಗೆ ದೋಣಿ ಇದೆ, ಉಳಿದ ಪಾರ್ಕುಗಳಿಗೆ ಬಸ್ಸು. ಮಂಡಿನೋವಿನವರಿದ್ದರೆ ಗಾಲ್ಫ್ ಕಾರ್ಟ್ ಬಾಡಿಗೆಗೆ ಸಿಗುತ್ತದೆ. ಡಿಸೆಂಬರಿನಲ್ಲಿ ಅದಕ್ಕೆ ಬೇಡಿಕೆ ಜಾಸ್ತಿ, ಸೈಟಿನ ಜೊತೆಗೇ ಅದನ್ನೂ ಕಾಯ್ದಿರಿಸಿ.

ಸೈಟು ಕೈಗೆ ಸಿಗುವುದು ಮಧ್ಯಾಹ್ನ ಒಂದರ ಮೇಲೆ. ಎಲ್ಲ ಸೈಟುಗಳಿಗೂ ಗಾಡಿಯನ್ನು ಹಿಮ್ಮುಖವಾಗಿಯೇ ತೂರಿಸಬೇಕು. ಡ್ರೈವರಿನ ಕಡೆಯ ಕನ್ನಡಿಯಲ್ಲಿ ಕಾಣುವಂತೆ ಒಬ್ಬರು ಹಿಂದೆ ನಿಂತು ಕೈಸನ್ನೆ ಮಾಡಲಿ. ಕೂಗಿದರೆ ಎಂಜಿನ್ ಸದ್ದಿನಲ್ಲಿ ಕೇಳುವುದಿಲ್ಲ. ಕೊಂಬೆಗಳ ಮೇಲೂ ಒಂದು ಕಣ್ಣಿರಲಿ. ಸೂರಿನ ಮೇಲಿನ ಎಸಿ ಡಬ್ಬಕ್ಕೆ ಮೊದಲು ಪೆಟ್ಟು ಬೀಳುವುದು ಅವುಗಳಿಂದ.

ಅಮೆರಿಕದ ಕ್ಯಾಂಪಿನಲ್ಲಿ 30 ಆಂಪಿಯರ್ ಕರೆಂಟು ಅನ್ನುತ್ತಾರೆ. ನಮ್ಮ ಮಿಕ್ಸಿ, ಇಂಡಕ್ಷನ್ ಒಲೆ ಒಯ್ಯಬಹುದೇ? ಅಡುಗೆ ಮಾಡುವಾಗ ಪದೇ ಪದೇ ಕರೆಂಟು ಹೋಗುತ್ತದೆಂದು ನೆಂಟರು ಹೆದರಿಸಿದ್ದಾರೆ.
ಓದುಗರು, ಚಿಕ್ಕಮಗಳೂರು

ಎರಡನ್ನೂ ಮನೆಯಲ್ಲೇ ಬಿಡಿ. ಅಲ್ಲಿನ ಕರೆಂಟು 120 ವೋಲ್ಟ್. ನಮ್ಮ 230 ವೋಲ್ಟಿನ ಮಿಕ್ಸಿ ಅದರಲ್ಲಿ ಮುಲುಗುತ್ತದೆ, ಕಾಯಿ ನುಣ್ಣಗಾಗುವುದಿಲ್ಲ. ಇಂಡಕ್ಷನ್ ಒಲೆ ಹೊತ್ತುವುದೇ ಇಲ್ಲ. ಕನ್ವರ್ಟರ್ ಕೊಳ್ಳುವ ದುಡ್ಡಿಗೆ ಅಲ್ಲೇ 120 ವೋಲ್ಟಿನ ಮಿಕ್ಸಿ ಬರುತ್ತದೆ. ಸ್ಟೀಲಿನ ಕಾಫಿ ಫಿಲ್ಟರ್ ಮಾತ್ರ ಮರೆಯದೆ ಒಯ್ಯಿರಿ, ಅದಕ್ಕೆ ಯಾವ ಕರೆಂಟೂ ಬೇಡ.

ಕರೆಂಟು ಹೋಗುವುದಕ್ಕೆ ಕಾರಣ ಲೆಕ್ಕ. 120 ವೋಲ್ಟಿನಲ್ಲಿ 30 ಆಂಪಿಯರ್ ಅಂದರೆ ಒಟ್ಟು 3,600 ವಾಟ್. ನಮ್ಮ ಮನೆಯ 16 ಆಂಪಿಯರ್ ಸಾಕೆಟ್ ಒಂದೇ 3,680 ವಾಟ್ ಕೊಡುತ್ತದೆ. ಅಂದರೆ ಇಡೀ ಗಾಡಿಗೆ ಇರುವುದು ನಮ್ಮ ಒಂದು ಗೀಸರ್ ಪಾಯಿಂಟಿನಷ್ಟು ಶಕ್ತಿ. ಗಾಡಿಯ ಎಸಿ 12ರಿಂದ 15 ಆಂಪಿಯರ್ ಎಳೆಯುತ್ತದೆ, ನೀರು ಕಾಯಿಸುವ ಕಾಯಿಲ್ 12, ಮೈಕ್ರೋವೇವ್ 10ರಿಂದ 13, ಅಲ್ಲಿನ 1,800 ವಾಟಿನ ಇಂಡಕ್ಷನ್ ಒಲೆ 15. ಎರಡು ಒಟ್ಟಿಗೆ ಹೇಗೋ ನಡೆಯುತ್ತದೆ, ಮೂರನೆಯದು ಹಾಕಿದ ಕೂಡಲೇ ಬ್ರೇಕರ್ ಬೀಳುತ್ತದೆ. ಅಡುಗೆಗೆ ಗಾಡಿಯ ಗ್ಯಾಸ್ ಒಲೆ ಬಳಸಿ, ಸ್ನಾನದ ನೀರನ್ನೂ ಗ್ಯಾಸಿನಲ್ಲಿ ಕಾಯಿಸಿ, ಕರೆಂಟನ್ನು ಎಸಿ ಅಥವಾ ಹೀಟರಿಗೆ ಬಿಡಿ. ಕುಕ್ಕರ್ ಕೂಗುವಾಗ ಒಲೆಯ ಮೇಲಿನ ಫ್ಯಾನ್ ಹಾಕಿರಿ, ಇಲ್ಲದಿದ್ದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ.

ಸೈಟಿನ ಕರೆಂಟ್ ಪೆಟ್ಟಿಗೆಯಲ್ಲಿ 20, 30, 50 ಆಂಪಿಯರಿನ ಸಾಕೆಟ್‌ಗಳು ಇರುತ್ತವೆ. ಮೊದಲು ಬ್ರೇಕರ್ ಆಫ್ ಮಾಡಿ, ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏರುಪೇರಿನಿಂದ ಗಾಡಿಯನ್ನು ಕಾಯುವ ಸಾಧನ) ಸಿಕ್ಕಿಸಿ, ಬ್ರೇಕರ್ ಆನ್ ಮಾಡಿ ಅದರ ದೀಪ ನೋಡಿ. ಅರ್ಥ್ ಇಲ್ಲ ಎಂದೋ ವೋಲ್ಟೇಜ್ ಕಡಿಮೆ ಎಂದೋ ತೋರಿಸಿದರೆ ಗಾಡಿಯನ್ನು ಜೋಡಿಸಲೇಬೇಡಿ, ಕ್ಯಾಂಪಿನವರನ್ನು ಕರೆಯಿರಿ. ಸರಿಯಿದ್ದರೆ ಮತ್ತೆ ಆಫ್ ಮಾಡಿ, ಗಾಡಿಯ ಕೇಬಲ್ ಸಿಕ್ಕಿಸಿ, ಆಮೇಲೆ ಆನ್. ಬ್ರೇಕರ್ ಆನ್ ಇರುವಾಗಲೇ ಕೇಬಲ್ ಕಿತ್ತರೆ ಕಿಡಿ ಹಾರಿ ಪಿನ್ನುಗಳು ಕಪ್ಪಾಗುತ್ತವೆ. ಕಪ್ಪಾದ ಪಿನ್ ಮುಂದಿನ ಸಲ ಬಿಸಿಯಾಗಿ ಪ್ಲಗ್ಗನ್ನೇ ಕರಗಿಸುತ್ತದೆ.

ನೀರಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇವೆ. ಅಮೆರಿಕದ ಕ್ಯಾಂಪುಗಳಲ್ಲಿ ನಲ್ಲಿಯ ಒತ್ತಡ ಕೆಲವೊಮ್ಮೆ ಗಾಡಿಯ ಪೈಪು ತಡೆಯುವುದಕ್ಕಿಂತ ಜಾಸ್ತಿ ಇರುತ್ತದೆ. ನಲ್ಲಿಗೆ ಪ್ರೆಶರ್ ರೆಗ್ಯುಲೇಟರ್ ಹಾಕಿ 45ರಿಂದ 50 ಪಿಎಸ್‌ಐಗೆ ಇಳಿಸಿ. ರೆಗ್ಯುಲೇಟರನ್ನು ನಲ್ಲಿಯ ಬಾಯಿಗೇ ಹಾಕಬೇಕು. ಗಾಡಿಯ ತುದಿಗೆ ಹಾಕಿದರೆ ನಡುವಿನ ಪೈಪು ಸಿಡಿಯುತ್ತದೆ.

ಶೌಚದ ಟ್ಯಾಂಕ್ ಖಾಲಿ ಮಾಡುವುದು ಹೇಗೆ? ಬಾಡಿಗೆಯವರ ವಿಡಿಯೋ ನೋಡಿದರೂ ಧೈರ್ಯ ಬರುತ್ತಿಲ್ಲ.
ಓದುಗರು, ಬೇಲೂರು

ಗಾಡಿಯ ಹೊಟ್ಟೆಯಲ್ಲಿ ಎರಡು ಟ್ಯಾಂಕುಗಳಿವೆ. ಶೌಚದ್ದು ಕಪ್ಪು ಟ್ಯಾಂಕ್, ಸ್ನಾನ ಮತ್ತು ಪಾತ್ರೆ ತೊಳೆದ ನೀರಿನದು ಬೂದು ಟ್ಯಾಂಕ್. ಕೊಳಚೆ ಪೈಪು ಸಿಕ್ಕಿಸಿದ್ದೇವಲ್ಲ ಎಂದು ಕಪ್ಪು ಟ್ಯಾಂಕಿನ ವಾಲ್ವ್ ತೆರೆದೇ ಇಡುವುದು ಬಹುಪಾಲು ಜನ ಮಾಡುವ ತಪ್ಪು. ಆಗ ನೀರು ಹರಿದುಹೋಗಿ ಗಟ್ಟಿ ಮಾತ್ರ ತಳದಲ್ಲಿ ಉಳಿಯುತ್ತದೆ. ನಾಲ್ಕು ದಿನದಲ್ಲಿ ಅದು ಕಮೋಡಿನ ನೇರ ಕೆಳಗೆ ಗುಡ್ಡೆಯಾಗಿ ಒಣಗಿ ಕೂರುತ್ತದೆ. ಆಮೇಲೆ ಎಷ್ಟು ನೀರು ಬಿಟ್ಟರೂ ಕದಲದು, ಬಾಡಿಗೆಯವರು ದಂಡ ಹಾಕುತ್ತಾರೆ.

ವಾಲ್ವ್ ಮುಚ್ಚಿರಲಿ. ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಕಪ್ಪನ್ನು ತೆರೆಯಿರಿ. ತುಂಬಿದ ಟ್ಯಾಂಕಿನ ರಭಸಕ್ಕೇ ಗಟ್ಟಿಯೂ ಹೊರಟುಹೋಗುತ್ತದೆ. ಸದ್ದು ನಿಂತ ಮೇಲೆ ಕಪ್ಪನ್ನು ಮುಚ್ಚಿ ಬೂದನ್ನು ತೆರೆದರೆ ಆ ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ಕೊನೆಗೆ ಕಮೋಡಿನಿಂದ ಎರಡು ಬಕೆಟ್ ನೀರು ಹಾಕಿ ತಳ ಮುಚ್ಚಿಸಿ. ನಾವು ಚೆಂಬಿನಲ್ಲಿ ನೀರು ಬಳಸುವವರು, ಟ್ಯಾಂಕ್ ಬೇಗ ತುಂಬುತ್ತದೆ. ನಾಲ್ಕು ಜನಕ್ಕೆ ಎರಡು ದಿನಕ್ಕೊಮ್ಮೆ ಬಿಡಬೇಕಾದೀತು. ನೀರು ಜಾಸ್ತಿಯಾದಷ್ಟೂ ಟ್ಯಾಂಕಿಗೆ ಒಳ್ಳೆಯದೇ. ಪೈಪು ಗಾಡಿಯಿಂದ ಗುಂಡಿಯವರೆಗೆ ಒಂದೇ ಇಳಿಜಾರಿನಲ್ಲಿರಲಿ, ನಡುವೆ ಜೋತುಬಿದ್ದರೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಕೈಗವಸು ಹಾಕಿಕೊಳ್ಳಿ. ಕುಡಿಯುವ ನೀರಿನ ಬಿಳಿ ಪೈಪಿನಿಂದ ಕೊಳಚೆ ಪೈಪನ್ನು ಎಂದೂ ತೊಳೆಯಬೇಡಿ.

ಒಗ್ಗರಣೆಯ ಎಣ್ಣೆ, ಅನ್ನದ ಗಂಜಿ ಸಿಂಕಿಗೆ ಹೋಗಬಾರದು. ಬೂದು ಟ್ಯಾಂಕಿನಿಂದ ಬರುವ ದುರ್ವಾಸನೆಗೆ ಹೆಚ್ಚಿನಂಶ ಅವೇ ಕಾರಣ.

ಅಮೆರಿಕಕ್ಕೆ ಕರಿಬೇವು, ಕಾಫಿಪುಡಿ ಒಯ್ಯಬಹುದೇ? ಗಾಡಿ ಓಡಿಸಲು ಯಾವ ಲೈಸೆನ್ಸ್ ಬೇಕು?
ಓದುಗರು, ಅರಸೀಕೆರೆ

ಹಸಿ ಕರಿಬೇವು ಖಂಡಿತ ಬೇಡ. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಕೀಟ ಅದರ ಎಲೆಯಲ್ಲೂ ಬದುಕುತ್ತದೆ, ಫ್ಲೋರಿಡಾದ ಕಿತ್ತಳೆ ತೋಟಗಳು ಆ ರೋಗದಿಂದ ನೆಲಕಚ್ಚಿವೆ. ಹುರಿದ ಕಾಫಿಪುಡಿ, ಸಾರಿನ ಪುಡಿ ಅಡ್ಡಿಯಿಲ್ಲ. ಆಹಾರ ಇದೆ ಎಂದು ಕಸ್ಟಮ್ಸ್‌ನವರಿಗೆ ತಿಳಿಸಿ.

ಬಾಡಿಗೆ ಮೋಟರ್‌ಹೋಮಿಗೆ ಕಾರಿನ ಲೈಸೆನ್ಸ್ ಸಾಕಾಗುತ್ತದೆ. ಆದರೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಪರ್ಮಿಟ್ ಕೇಳುತ್ತವೆ. ನಿಮ್ಮ ಆರ್‌ಟಿಒದಲ್ಲಿ ಫಾರಂ 4ಎ ತುಂಬಿ, ಪಾಸ್‌ಪೋರ್ಟ್ ತೋರಿಸಿ ಮಾಡಿಸಿಕೊಳ್ಳಿ. ಅದರ ಅವಧಿ ಒಂದು ವರ್ಷ.

ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ, ಹೋಂಸ್ಟೇ ಇದೆ. ಬೆಂಗಳೂರಿನಿಂದ ಟೆಂಪೋ ಟ್ರಾವೆಲರ್ ಕ್ಯಾರವಾನುಗಳು ಬರುತ್ತಿವೆ. ಎರಡು ಗಾಡಿ ನಿಲ್ಲಿಸಲು ಸೈಟು ಮಾಡಬೇಕು. ಕಾಫಿ ಕಣದಲ್ಲೇ ನಿಲ್ಲಿಸಿದರೆ ಆಗದೇ?
ಓದುಗರು, ಮೂಡಿಗೆರೆ ತಾಲ್ಲೂಕು

ಕಣ ಬೇಡ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಮಾರ್ಚಿನವರೆಗೆ. ಪ್ರವಾಸಿಗರು ಬರುವುದೂ ಅದೇ ತಿಂಗಳುಗಳಲ್ಲಿ. ಹಣ್ಣು ಒಣಗುವ ನೆಲದ ಮೇಲೆ ಎಂಜಿನ್ ಆಯಿಲ್ ಒಂದು ತೊಟ್ಟು ಬಿದ್ದರೂ ಕಾಫಿಗೆ ವಾಸನೆ ಹತ್ತುತ್ತದೆ. ಅಲ್ಲದೆ ಕಣದ ಕಾಂಕ್ರೀಟ್ ಕಾಫಿ ಹರವಲು ಹಾಕಿದ್ದು, ಮೂರೂವರೆ, ನಾಲ್ಕು ಟನ್ ಗಾಡಿ ವಾರಗಟ್ಟಲೆ ನಿಂತರೆ ಬಿರುಕು ಬಿಡುತ್ತದೆ.

ಬೇರೆ ಜಾಗ ಆರಿಸಿ, ಒಂದು ಗಾಡಿಗೆ 20 ಅಡಿ ಅಗಲ, 40 ಅಡಿ ಉದ್ದ. ಮೇಲ್ಮಣ್ಣು ಎಂಟು ಇಂಚು ತೆಗೆಯಿರಿ, ಆರಿಂಚು ದಪ್ಪ ಜಲ್ಲಿ, ಅದರ ಮೇಲೆ ಎರಡಿಂಚು ಸಣ್ಣ ಜಲ್ಲಿ ಹಾಕಿ ರೋಲರ್ ಹೊಡೆಸಿ. ಬರೀ ಮಣ್ಣಿನ ಮೇಲೆ ನಿಲ್ಲಿಸಿದರೆ ಮಳೆಗಾಲದಲ್ಲಿ ರಾತ್ರಿ ಮಲಗಿದ್ದಾಗಲೇ ಒಂದು ಚಕ್ರ ಹೂತುಹೋಗಿ ಬಾಗಿಲು ಬಿಗಿಯುತ್ತದೆ. ನೀರು ಹರಿಯಲು 50 ಅಡಿಗೆ ಒಂದಡಿ ಇಳಿಜಾರು ಸಾಕು, ಸುತ್ತ ಚರಂಡಿ ಇರಲಿ. ಗೇಟಿನಿಂದ ಸೈಟಿನವರೆಗೆ ನೆಲದಿಂದ 12 ಅಡಿ ಎತ್ತರದವರೆಗೂ ಸಿಲ್ವರ್ ಓಕ್ ಕೊಂಬೆ, ಸರ್ವಿಸ್ ವೈರು ಏನೂ ಅಡ್ಡ ಬರಬಾರದು.

ಕರೆಂಟು: ಪ್ರತಿ ಸೈಟಿಗೂ ಬೇರೆ ಲೈನು, 16 ಆಂಪಿಯರ್ ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್). ಇದರಲ್ಲಿ ಉಳಿತಾಯ ಬೇಡ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಗಾಡಿಯ ಬಾಗಿಲು ಮುಟ್ಟುವ ಮಗುವನ್ನು ಉಳಿಸುವುದು ಅದೊಂದೇ. ಅರ್ಥ್ ಗುಂಡಿಯೂ ಬೇರೆಯಿರಲಿ. ಸಾಕೆಟ್ ಮುಚ್ಚಳವಿರುವ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಆಗಿರಲಿ, ನೆಲದಿಂದ ಮೂರಡಿ ಮೇಲೆ. ಮನೆಯಿಂದ 30 ಮೀಟರಿನವರೆಗೆ 2.5 ಚದರ ಮಿ.ಮೀ. ತಾಮ್ರದ ಕೇಬಲ್ ಸಾಕು. 60 ಮೀಟರಿಗೆ ಅದನ್ನೇ ಎಳೆದರೆ ಪೂರ್ತಿ ಲೋಡಿನಲ್ಲಿ ಸುಮಾರು 14 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಮೊದಲೇ ವೋಲ್ಟೇಜ್ ಕಡಿಮೆಯಿರುವ ತೋಟಗಳಲ್ಲಿ ಎಸಿ ಕಂಪ್ರೆಸರ್ ಸುಡಲು ಅಷ್ಟು ಸಾಕು. 4 ಚದರ ಮಿ.ಮೀ. ಹಾಕಿ. ಪಂಪ್‌ಸೆಟ್ ಮೀಟರಿನಿಂದ ಲೈನು ಎಳೆಯಬೇಡಿ, ಆ ಸಂಪರ್ಕದ ದರವೇ ಬೇರೆ, ಮೆಸ್ಕಾಂನವರು ದಂಡ ಹಾಕುತ್ತಾರೆ.

ನೀರಿನ ಒತ್ತಡ ಇಲ್ಲಿ ಅಮೆರಿಕದ ತದ್ವಿರುದ್ಧ. ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೂ ಸಿಗುವುದು 14 ಪಿಎಸ್‌ಐ. ಗಾಡಿಯ ಟ್ಯಾಂಕ್ ತುಂಬಿಸಿಕೊಳ್ಳಲು ಒಂದು ನಲ್ಲಿ ಕೊಡಿ, ಉಳಿದದ್ದು ಅವರ ಪಂಪು ನೋಡಿಕೊಳ್ಳುತ್ತದೆ.

ಕೊಳಚೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಇಲ್ಲಿನ ಬಹಳಷ್ಟು ಗಾಡಿಗಳಲ್ಲಿ ಇರುವುದು ಕ್ಯಾಸೆಟ್ ಶೌಚ, 20 ಲೀಟರ್ ಹತ್ತಿರದ ಡಬ್ಬ. ಅದನ್ನು ಕತ್ತಲಲ್ಲಿ ಹಳ್ಳಕ್ಕೆ ಸುರಿದು ಹೋಗುವವರಿದ್ದಾರೆ. ಹೇಮಾವತಿ ಹುಟ್ಟುವುದೇ ನಿಮ್ಮ ತಾಲ್ಲೂಕಿನ ಜಾವಳಿಯಲ್ಲಿ. ಕೆಳಗೆ ಆ ನೀರು ಕುಡಿಯುವ ಊರುಗಳು ಎಷ್ಟೋ ಇವೆ. ಸೆಪ್ಟಿಕ್ ಟ್ಯಾಂಕಿಗೆ ಸೇರುವ ಒಂದು ಸುರಿಯುವ ಬಾಯಿ ಕಟ್ಟಿಸಿ, ಪಕ್ಕದಲ್ಲಿ ತೊಳೆಯಲು ಬೇರೆ ನಲ್ಲಿ ಇಡಿ. ಇಂಗುಗುಂಡಿ ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 60 ಅಡಿ ದೂರವಿರಲಿ. ಫಾರ್ಮಾಲ್ಡಿಹೈಡ್ ಇರುವ ಶೌಚದ ದ್ರಾವಣ ಸೆಪ್ಟಿಕ್ ಟ್ಯಾಂಕಿನ ಸೂಕ್ಷ್ಮಜೀವಿಗಳನ್ನು ಸಾಯಿಸಿ ಟ್ಯಾಂಕನ್ನೇ ಕೆಡಿಸುತ್ತದೆ. ಎನ್‌ಜೈಮ್ ದ್ರಾವಣ ಬಳಸುವವರಿಗೆ ಮಾತ್ರ ಜಾಗ ಎಂದು ಬುಕಿಂಗ್ ಸಮಯದಲ್ಲೇ ಹೇಳಿಬಿಡಿ.

ಡಿಸೆಂಬರಿನ ಚಳಿಗೆ ಕ್ಯಾರವಾನಿನೊಳಗೆ ಅಗ್ಗಿಷ್ಟಿಕೆ ಇಟ್ಟುಕೊಳ್ಳಬಹುದೇ? ತೋಟದಲ್ಲಿ ಆನೆ ಭಯವೂ ಇದೆ.
ಓದುಗರು, ಸಕಲೇಶಪುರ

ಇಡಲೇಬಾರದು. ಇದ್ದಿಲ ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಗಾಡಿಯಲ್ಲಿ ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ. ಹೊಗೆ ಕಾಣದ ಕೆಂಡವೂ ಅಷ್ಟೇ ಅಪಾಯ. ಗ್ಯಾಸ್ ಒಲೆ ಹಚ್ಚಿ ಬೆಚ್ಚಗಾಗುವುದು, ಜನರೇಟರನ್ನು ಗಾಡಿಯ ಕಿಟಕಿ ಪಕ್ಕ ಓಡಿಸುವುದು, ಇವೂ ಬೇಡ. ಕಂಬಳಿ, ಬಿಸಿನೀರಿನ ಚೀಲ, ಕರೆಂಟಿದ್ದರೆ ಆಯಿಲ್ ಹೀಟರ್. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಮಲಗುವ ಮಟ್ಟದಲ್ಲಿ ಹಾಕಿ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಅದು ನೆಲದಿಂದ ಒಂದಡಿಯೊಳಗಿರಬೇಕು, ಎಲ್‌ಪಿಜಿ ಗಾಳಿಗಿಂತ ಭಾರ. ನೆಲದ ಕಿಂಡಿಯಿಂದ ಚಳಿ ಬರುತ್ತದೆಂದು ಬಟ್ಟೆ ತುರುಕಬೇಡಿ, ಸೋರಿದ ಗ್ಯಾಸಿಗೆ ಇರುವುದು ಅದೊಂದೇ ದಾರಿ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಗಳು ಹೆಚ್ಚಾಗಿ ಸಂಜೆಯಿಂದ ಬೆಳಗಿನವರೆಗೆ ಓಡಾಡುತ್ತವೆ. ಹಲಸು, ಬಾಳೆಗೊನೆ, ಬೆಲ್ಲ, ಉಪ್ಪು ಹೊರಗೆ ಇಡಬೇಡಿ. ಕತ್ತಲಾದ ಮೇಲೆ ಶೌಚಕ್ಕೆಂದು ತೋಟದೊಳಗೆ ಹೋಗಬೇಡಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆ ಎಂದು ಊರವರಿಗೆ ತಿಳಿಸುತ್ತಾರೆ. ಹಿಂಡು ಹತ್ತಿರವಿದೆ ಎಂದು ತೋಟದವರು ಹೇಳಿದರೆ ಆ ರಾತ್ರಿ ಪಟ್ಟಣದಲ್ಲೇ ಉಳಿಯಿರಿ.

ಕ್ಯಾರವಾನನ್ನು ಮುಳ್ಳಯ್ಯನಗಿರಿಗೆ ಹತ್ತಿಸಬಹುದೇ?
ಓದುಗರು, ಕಡೂರು

ಬೇಡ. 1,930 ಮೀಟರಿನ ಆ ಗಿರಿಯ ರಸ್ತೆ ಕಿರಿದು, ಎದುರು ಜೀಪು ಬಂದರೆ ಉದ್ದದ ಗಾಡಿಗೆ ಸರಿಯಲು ಜಾಗವಿಲ್ಲ. ರಾತ್ರಿ ಮೇಲೆ ತಂಗಲೂ ಬಿಡುವುದಿಲ್ಲ. ಗಾಡಿಯನ್ನು ಚಿಕ್ಕಮಗಳೂರಿನಲ್ಲಿ ಬಿಟ್ಟು, ಜಿಲ್ಲಾಡಳಿತದ ಪ್ರವೇಶ ನಿಯಮ ನೋಡಿಕೊಂಡು ಬಾಡಿಗೆ ಗಾಡಿಯಲ್ಲಿ ಹೋಗಿಬನ್ನಿ. ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವುದಿದ್ದರೆ ನೀರಿನ ಟ್ಯಾಂಕ್ ಖಾಲಿ ಮಾಡಿ ಹೊರಡಿ. 100 ಲೀಟರ್ ಅಂದರೆ 100 ಕಿಲೋ, ಅದೂ ಅರೆ ತುಂಬಿದ್ದರೆ ಪ್ರತಿ ತಿರುವಿನಲ್ಲೂ ಒಂದು ಬದಿಗೆ ನುಗ್ಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಒತ್ತಿಹಿಡಿದೇ ಇಳಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಕೆಳಗೆ ತಲುಪಿದ ಮೇಲೆ ಟ್ಯಾಂಕ್ ತುಂಬಿಸಿಕೊಳ್ಳಿ.