ಸಬ್‌ಗ್ರೂಪ್ ಎಣಿಸಿದ್ರೆ ಏನ್ ಗೊತ್ತಾಗುತ್ತೆ?

ಪ್ರಶ್ನೆ: ಸರ್, ನಾನು ಎಂ.ಎಸ್ಸಿ. ಮೊದಲ ವರ್ಷ. 30 ಎಲಿಮೆಂಟ್ ಇರೋ ಯಾವ ಗ್ರೂಪೂ ಸಿಂಪಲ್ ಅಲ್ಲ ಅಂತ ಕ್ಲಾಸಲ್ಲಿ ನಾಲ್ಕು ಸಾಲಲ್ಲಿ ಮುಗಿಸಿಬಿಟ್ರು. ಗ್ರೂಪ್ ಯಾವ್ದು ಅಂತಾನೇ ಹೇಳ್ದೆ ಬರೀ ಸಬ್‌ಗ್ರೂಪ್ ಎಣಿಸಿ ಇದನ್ನ ಹೇಗೆ ಹೇಳ್ತಾರೆ?
– ಓದುಗರೊಬ್ಬರು, ಹಾಸನ

ಉತ್ತರ: ಒಳ್ಳೇ ಪ್ರಶ್ನೆ, ಆ ನಾಲ್ಕು ಸಾಲನ್ನ ನಿಧಾನಕ್ಕೆ ನೋಡ್ಲೇಬೇಕು. ಗ್ರೂಪ್ ಅಂದ್ರೆ ಎರಡೆರಡು ಎಲಿಮೆಂಟನ್ನ ಕೂಡಿಸಿ ಅದರೊಳಗಿನ ಇನ್ನೊಂದನ್ನ ಕೊಡೋ, ವಾಪಸ್ಸೂ ಬರಬಹುದಾದ ವ್ಯವಸ್ಥೆ, ಸಬ್‌ಗ್ರೂಪ್ ಅಂದ್ರೆ ಅದರೊಳಗಿನ ಇನ್ನೊಂದು ಗ್ರೂಪ್. ಐಡೆಂಟಿಟಿ ಮಾತ್ರ ಇರೋದು ಮತ್ತು ಇಡೀ ಗ್ರೂಪ್ ಬಿಟ್ರೆ ಬೇರೆ ನಾರ್ಮಲ್ ಸಬ್‌ಗ್ರೂಪ್ ಇಲ್ಲದ ಗ್ರೂಪೇ ಸಿಂಪಲ್ (ನಾರ್ಮಲ್ ಅಂದ್ರೇನು ಅಂತ ಮುಂದೆ ಬರುತ್ತೆ). ಇದರ ಹಿಂದಿರೋದು ನಾರ್ವೆಯ ಲುಡ್ವಿಗ್ ಸೀಲೋ, 1872ರಲ್ಲಿ ಈ ಪ್ರಮೇಯಗಳನ್ನ ಪ್ರಕಟಿಸಿದಾಗ ಅವರು ಹೈಸ್ಕೂಲ್ ಮೇಷ್ಟ್ರು, ನನಗಂತೂ ಇದು ತುಂಬ ಹೆಮ್ಮೆಯ ವಿಷಯ ಅನ್ಸುತ್ತೆ.

30 ಅಂದ್ರೆ 2, 3, 5ರ ಗುಣಲಬ್ಧ. 5 ಎಲಿಮೆಂಟಿನ ಸಬ್‌ಗ್ರೂಪ್ ಎಷ್ಟಿರಬಹುದು? ಸೀಲೋ ಪ್ರಕಾರ ಆ ಸಂಖ್ಯೆ 30/5, ಅಂದ್ರೆ 6ನ್ನ ಭಾಗಿಸ್ಬೇಕು, 5ರಿಂದ ಭಾಗಿಸಿದ್ರೆ ಶೇಷ 1 ಬರ್ಬೇಕು, ಹಾಗಾಗಿ 1 ಇಲ್ಲಾ 6. ಇದೇ ಲೆಕ್ಕದಲ್ಲಿ 3ರದ್ದು 1 ಇಲ್ಲಾ 10. ಈಗ ಎರಡೂ ದೊಡ್ಡ ಸಂಖ್ಯೆನೇ ಅಂದ್ಕೊಳ್ಳಿ, 5 ಅವಿಭಾಜ್ಯ ಆಗಿರೋದ್ರಿಂದ ಆ 6 ಸಬ್‌ಗ್ರೂಪ್‌ಗಳು ಐಡೆಂಟಿಟಿ (ಏನನ್ನೂ ಬದಲಿಸದ ಎಲಿಮೆಂಟ್) ಬಿಟ್ರೆ ಬೇರೆಲ್ಲೂ ಸೇರಲ್ಲ, ಅಲ್ಲಿಗೇ 24 ಎಲಿಮೆಂಟ್ ಆಯ್ತು, 3ರ ಕಡೆಯಿಂದ ಇನ್ನೊಂದು 20, ಒಟ್ಟು 44, ಇರೋದೇ 30! ಆದ್ದರಿಂದ ಎರಡರಲ್ಲಿ ಒಂದಾದ್ರೂ ಒಂಟಿಯಾಗಿರ್ಲೇಬೇಕು. ಗ್ರೂಪಿನ ಗಾತ್ರವನ್ನ ಭಾಗಿಸೋ ಒಂದು ಅವಿಭಾಜ್ಯದ ಅತಿ ದೊಡ್ಡ ಘಾತದಷ್ಟು ಎಲಿಮೆಂಟ್ ಇರೋದಕ್ಕೆ ಸೀಲೋ ಸಬ್‌ಗ್ರೂಪ್ ಅಂತಾರೆ. ಒಂದೇ ಅಳತೆಯ ಸೀಲೋ ಸಬ್‌ಗ್ರೂಪ್‌ಗಳೆಲ್ಲ ಪರಸ್ಪರ ಕಾಂಜುಗೇಟ್, ಅಂದ್ರೆ ಗ್ರೂಪಿನ ಯಾವುದೋ g ತಗೊಂಡು gHg⁻¹ ಮಾಡಿದ್ರೆ H ಇಂದ ಇನ್ನೊಂದು ಸಿಗುತ್ತೆ. ಒಂದೇ ಇದ್ರೆ ಯಾವ g ತಗೊಂಡ್ರೂ ಅದೇ ವಾಪಸ್ ಬರ್ಬೇಕು, ಇದನ್ನೇ ನಾರ್ಮಲ್ ಅನ್ನೋದು. ಹಾಗಾಗಿ ಗ್ರೂಪ್ ಸಿಂಪಲ್ ಅಲ್ಲ.

60ಕ್ಕೆ ಬಂದ್ರೆ ಕಥೆನೇ ಬೇರೆ. ಐದು ಅಕ್ಷರಗಳ ಸಮ ಕ್ರಮಪಲ್ಲಟನೆಗಳ ಗ್ರೂಪ್ ತಗೊಳ್ಳಿ: 5 ಎಲಿಮೆಂಟಿನ ಸಬ್‌ಗ್ರೂಪ್ 6, 3ರವು 10, 4ರವು 5, ಎಲಿಮೆಂಟ್ ಲೆಕ್ಕ 24, 20, 15, ಜೊತೆಗೆ ಐಡೆಂಟಿಟಿ, ಸರಿಯಾಗಿ 60. ಇದು ಸಿಂಪಲ್. ಆದ್ರೆ ಬರೀ ಲೆಕ್ಕ ಹೊಂದಿತು ಅಂತ ಸಿಂಪಲ್ ಅನ್ನೋಹಾಗಿಲ್ಲ, ಅದಕ್ಕೆ ಬೇರೆ ವಾದ ಬೇಕು. ಅದನ್ನ ಮಾಡಿದ್ರೆ ಸಿಗೋ ಫಲಿತಾಂಶ ನನಗೆ ಬಹಳ ಇಷ್ಟ: 60ರ ಗ್ರೂಪಲ್ಲಿ 5ರ ಸಬ್‌ಗ್ರೂಪ್ ಒಂದಕ್ಕಿಂತ ಜಾಸ್ತಿ ಇದೆ ಅಂತ ಗೊತ್ತಾದ್ರೆ ಸಾಕು, ಅದು ಇದೇ ಗ್ರೂಪ್, ಬೇರೆ ಆಗೋಕೆ ಸಾಧ್ಯನೇ ಇಲ್ಲ.

8 ಎಲಿಮೆಂಟಿನ ಗ್ರೂಪಿಗೆ ಮಾತ್ರ ಸೀಲೋ ಏನೂ ಹೇಳಲ್ಲ, ಇಡೀ ಗ್ರೂಪೇ ಸೀಲೋ ಸಬ್‌ಗ್ರೂಪ್. ಅಲ್ಲಿ 2 ಎಲಿಮೆಂಟಿನವನ್ನ ಎಣಿಸಿ, ಚೌಕದ ಸಮ್ಮಿತಿಗಳ ಗ್ರೂಪಲ್ಲಿ 5, ಕ್ವಾಟರ್ನಿಯನ್ ಗ್ರೂಪಲ್ಲಿ (8 ಎಲಿಮೆಂಟಿನ ಇನ್ನೊಂದು ಗ್ರೂಪ್) ಒಂದೇ, ಹಾಗಾಗಿ ಎಣಿಕೆಯಿಂದಲೇ ಇವೆರಡೂ ಬೇರೆ ಬೇರೆ ಅಂತ ಗೊತ್ತಾಗುತ್ತೆ.

ಈಗ ನೀವೇ 56 ಮಾಡಿ ನೋಡಿ. 7ರವು 8 ಇದ್ರೆ 48 ಎಲಿಮೆಂಟ್ ಹೋಯ್ತು, ಉಳಿದ 8ರಲ್ಲಿ 8 ಎಲಿಮೆಂಟಿನ ಸಬ್‌ಗ್ರೂಪ್ ಎಷ್ಟು ಹಿಡಿಯುತ್ತೆ?