ಮಹಜರಿನ ‘ಸುಮಾರು’ ಮತ್ತು ಮೊಬೈಲಿನ ಅಳತೆ

ಹಾಸನದ ವಕೀಲರೊಬ್ಬರ ಪತ್ರ: “ಅಪರಾಧ ನಡೆದ ಸ್ಥಳವನ್ನು ಮೊಬೈಲಿನಲ್ಲೇ ತ್ರೀಡಿ ಮಾಡಬಹುದೆಂದು ಬರೆದಿದ್ದೀರಿ. ಲಕ್ಷಾಂತರ ರೂಪಾಯಿಯ ಲೇಸರ್ ಸ್ಕ್ಯಾನರ್ ಇಲ್ಲದೆ ಇದು ಮಕ್ಕಳಾಟವಲ್ಲವೇ? ಪಾಟೀಸವಾಲಿನಲ್ಲಿ ನಿಂತೀತೇ?”

ಸ್ಕ್ಯಾನರಿನ ನಿಖರತೆಗೆ ಸಾಟಿಯಿಲ್ಲ, ಒಪ್ಪಿದೆ. ಕತ್ತಲಲ್ಲೂ ಅಳೆಯುತ್ತದೆ. ಆದರೆ ವಕೀಲರೇ, ತಮ್ಮ ಕೈಗೆ ಬರುವ ಮಹಜರಿನಲ್ಲಿ ಏನಿರುತ್ತದೆ? ‘ಬಾಗಿಲಿನಿಂದ ಸುಮಾರು ಐದು ಅಡಿ ದೂರ’ ಎಂಬ ಸಾಲು, ಅಳತೆಗೆ ಹೊಂದದ ಕೈನಕ್ಷೆ, ಇಬ್ಬರು ಪಂಚರ ಸಹಿ. ಪಂಚರು ತಿರುಗಿಬಿದ್ದ ದಿನ ಮತ್ತೆ ಅಳೆಯೋಣವೆಂದರೆ ಮನೆಯವರು ನೆಲ ತೊಳೆದು, ಸುಣ್ಣ ಹೊಡೆಸಿ ಆಗಿರುತ್ತದೆ. ಮೊಬೈಲನ್ನು ಆ ‘ಸುಮಾರು’ವಿನ ಪಕ್ಕದಲ್ಲಿಟ್ಟು ನೋಡಿ. ಪ್ಯಾರಿಸ್ ಪೊಲೀಸರ ಆಲ್ಫೋನ್ಸ್ ಬರ್ಟಿಲೋನ್ ಕೊಲೆಯಾದ ಕೋಣೆಗಳನ್ನು ಅಳತೆ ಸಿಗುವಂತೆ ಫೋಟೊ ತೆಗೆದು ನೂರು ವರ್ಷ ದಾಟಿತು; ನಾವಿನ್ನೂ ಟೇಪು ಹಿಡಿದು ಅಂದಾಜು ಬರೆಯುತ್ತಿದ್ದೇವೆ.

ಬೇರೆ ಬೇರೆ ಜಾಗದಿಂದ ತೆಗೆದ ಫೋಟೊಗಳನ್ನು ಹೋಲಿಸಿ ಕಂಪ್ಯೂಟರಿನ ತಂತ್ರಾಂಶ ಕೋಣೆಯ ತ್ರೀಡಿ ಮಾದರಿ ಕಟ್ಟುತ್ತದೆ. ಈ ಕೆಲಸ ಹೆಚ್ಚಾಗಿ ಕೆಡುವುದು ಫೋಟೊ ತೆಗೆಯುವವರ ಕಾಲಿನಲ್ಲಿ. ಕೋಣೆಯ ನಡುವೆ ನಿಂತು ಗರಗರ ತಿರುಗುತ್ತ ಫೋಟೊ ತೆಗೆದರೆ ಆಳ ಲೆಕ್ಕಕ್ಕೆ ಸಿಗುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಪ್ರತಿ ಫೋಟೊಗೂ ಒಂದಡಿ ಪಕ್ಕಕ್ಕೆ ಸರಿಯಬೇಕು. ಮೊಣಕಾಲಿನ ಮಟ್ಟದಲ್ಲೊಂದು ಸುತ್ತು, ಎದೆಮಟ್ಟದಲ್ಲೊಂದು, ಕೈ ಮೇಲೆತ್ತಿ ಇನ್ನೊಂದು. ಹಿಂದಿನ ಫೋಟೊದ ಮುಕ್ಕಾಲು ಪಾಲು ಮುಂದಿನದರಲ್ಲೂ ಕಾಣಬೇಕು. ಹತ್ತಡಿ ಹನ್ನೆರಡಡಿಯ ಕೋಣೆಗೆ 150ರಿಂದ 200 ಫೋಟೊ. ಜೂಮ್ ಮುಟ್ಟಬಾರದು. ಫ್ಲ್ಯಾಶ್ ಹಾಕಿದರೆ ಒಂದೊಂದು ಫೋಟೊದಲ್ಲಿ ನೆರಳು ಒಂದೊಂದು ಕಡೆ ಬೀಳುತ್ತದೆ, ತಂತ್ರಾಂಶ ದಾರಿ ತಪ್ಪುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಅದನ್ನು ವಿಡಿಯೊದಲ್ಲಿ ದಾಖಲಿಸಿದ ಮೇಲೆಯೇ ಆರಿಸಬೇಕು.

ನಮ್ಮ ಮನೆಗಳ ಪಾಲಿಶ್ ಟೈಲ್ಸ್ ನೆಲವಂತೂ ದೊಡ್ಡ ಕಾಟ. ಅದರಲ್ಲಿ ಕಾಣುವ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನೇ ತಂತ್ರಾಂಶ ನಿಜವಸ್ತುವೆಂದು ನಂಬಿ ನೆಲದಲ್ಲಿ ಗುಂಡಿ ತೋಡುತ್ತದೆ. ಬೋಳು ಬಿಳಿಗೋಡೆಯಲ್ಲಿ ಹಿಡಿದುಕೊಳ್ಳಲು ಗುರುತೇ ಸಿಗದೆ ತೂತು ಬೀಳುತ್ತದೆ. ಎರಡಕ್ಕೂ ಮದ್ದು ಒಂದೇ: ಏನನ್ನೂ ಮುಟ್ಟದೆ ಒಂದು ಸುತ್ತು ಮುಗಿಸಿ, ಆಮೇಲೆ ಕುರುಹುಗಳಿಂದ ದೂರದಲ್ಲಿ ಚಿತ್ತಾರ ಅಚ್ಚಾದ ಚೀಟಿಗಳನ್ನಿಟ್ಟು ಇನ್ನೊಂದು ಸುತ್ತು ತೆಗೆಯುವುದು.

ಇನ್ನು ತಮ್ಮ ಪಾಟೀಸವಾಲು. ಕೋಣೆಯ ಎರಡು ಮೂಲೆಗಳಲ್ಲಿ ಒಂದೊಂದು ಮೀಟರಿನ ಎರಡು ಅಳತೆಪಟ್ಟಿ ಇಡಬೇಕು. ಮಾದರಿಗೆ ಅಳತೆ ಕೊಡುವುದು ಮೊದಲನೆಯದು; ಎರಡನೆಯದನ್ನು ಪರೀಕ್ಷೆಗೆಂದೇ ಬಿಡಬೇಕು. ಅದು 1,000ದ ಬದಲು 1,004 ಮಿಲಿಮೀಟರ್ ತೋರಿಸಿದರೆ ತಪ್ಪೆಷ್ಟೆಂದು ಕಣ್ಣೆದುರೇ ಇದೆ. ‘ಸುಮಾರು ಐದು ಅಡಿ’ಯಲ್ಲಿ ತಪ್ಪೆಷ್ಟೆಂದು ಯಾರನ್ನು ಕೇಳುತ್ತೀರಿ? ಮೂಲ ಫೋಟೊಗಳ ಹ್ಯಾಶ್ (ಫೋಟೊ ಚೂರು ತಿದ್ದಿದರೂ ಬದಲಾಗುವ ಅಂಕೆ-ಅಕ್ಷರಗಳ ಗುರುತು) ಅಂದೇ ತೆಗೆದು, ವಿದ್ಯುನ್ಮಾನ ದಾಖಲೆಗೆ ಬೇಕಾದ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿಟ್ಟರೆ, ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶದಲ್ಲಿ ಪ್ರತಿವಾದಿಯ ತಜ್ಞರೂ ಅದೇ ಫೋಟೊಗಳಿಂದ ಕೋಣೆಯನ್ನು ಮತ್ತೆ ಕಟ್ಟಿ ನೋಡಬಹುದು.

ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು, ಆ ಪ್ರಕ್ರಿಯೆಯ ವಿಡಿಯೊ ಆಗಬೇಕು, ಅದು ಮೊಬೈಲಿನಲ್ಲೂ ಆಗಬಹುದು ಎಂದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಕಾನೂನು) 176(3)ನೇ ಕಲಮು ಹೇಳುತ್ತದೆ. ಆದರೆ ಸ್ಥಳಕ್ಕೆ ಮೊದಲು ಮುಟ್ಟುವವರು ಠಾಣೆಯ ಕಾನ್‌ಸ್ಟೆಬಲ್. ದುಬಾರಿ ಯಂತ್ರ ಜಿಲ್ಲಾ ಕೇಂದ್ರದಿಂದ ಹೊರಡುವಷ್ಟರಲ್ಲಿ ಊರೆಲ್ಲ ಆ ಕೋಣೆ ತುಳಿದಿರುತ್ತದೆ. ಆ ಕಾನ್‌ಸ್ಟೆಬಲ್ ಕೈಗೆ ಎರಡು ಅಳತೆಪಟ್ಟಿ ಕೊಟ್ಟು, ಪಕ್ಕಕ್ಕೆ ಸರಿಯುವುದನ್ನು ಕಲಿಸಲು ಒಂದು ದಿನ ಸಾಕು. ಆ ಒಂದು ದಿನವನ್ನು ಕೊಡುವವರಿಲ್ಲ. ತಾವು ಮುಂದಿನ ಕೇಸಿನಲ್ಲಿ ತನಿಖಾಧಿಕಾರಿಯನ್ನು ಕೇಳಿ: ಎರಡನೇ ಅಳತೆಪಟ್ಟಿ ಎಷ್ಟು ತೋರಿಸಿತು?

— ಸಂಪಾದಕ